ಅಂಗವೈಕಲ್ಯ ಪ್ರಮಾಣಪತ್ರದಿಂದ ಮಾಸಾಶನದವರೆಗೆ: ಉತ್ತರ ಕನ್ನಡದವರಿಗೊಂದು ಸಮಗ್ರ ಮಾರ್ಗದರ್ಶಿ

ವಿಕಲಚೇತನರಿಗೆ ಸಿಗುವ ಸರ್ಕಾರಿ ಸೌಲಭ್ಯಗಳ ವಿಷಯದಲ್ಲಿ ನಮ್ಮ ಜಿಲ್ಲೆಯ ಕುಟುಂಬಗಳು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ವಿಕಲಚೇತನರ ಗುರುತಿನ ಕಾರ್ಡು ಕೈಗೆ ಬಂದ ಮೇಲೆ ಮಾಸಾಶನವೂ ಬಸ್ ಪಾಸೂ ತಾವಾಗಿಯೇ ಬರುತ್ತವೆ ಎಂದು ನಂಬಿ ತಿಂಗಳುಗಟ್ಟಲೆ ಕಾಯುತ್ತಾರೆ. ವಾಸ್ತವದಲ್ಲಿ ಇಲ್ಲಿ ಮೂರು ಬೇರೆ ಬೇರೆ ಕಚೇರಿಗಳ ಕೆಲಸವಿದೆ. ವೈಕಲ್ಯ ಶೇಕಡಾ ಎಷ್ಟೆಂದು ಅಳೆದು ಪ್ರಮಾಣಪತ್ರ ಕೊಡುವವರು ಸರ್ಕಾರಿ ಆಸ್ಪತ್ರೆಯ ವೈದ್ಯರು. ಮಾಸಾಶನ ಮಂಜೂರು ಮಾಡುವವರು ಕಂದಾಯ ಇಲಾಖೆಯ ತಹಶೀಲ್ದಾರರು. ಸಾಧನ ಸಲಕರಣೆ, ವಿದ್ಯಾರ್ಥಿವೇತನ ಮುಂತಾದವನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಒಂದು ಕಚೇರಿಯ ಕಡತ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ, ಅದನ್ನು ಒಯ್ಯಬೇಕಾದವರು ನೀವೇ. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ತಿಳಿದುಕೊಂಡು ಹೊರಟರೆ ಅರ್ಧ ಓಡಾಟ ಉಳಿಯುತ್ತದೆ.

ಯಾರು ಅರ್ಹರು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕೈಕಾಲಿನ ದೋಷ, ಅಂಧತ್ವ, ಕಿವುಡುತನ, ಬುದ್ಧಿಮಾಂದ್ಯತೆ ಇವು ಎಲ್ಲರಿಗೂ ಗೊತ್ತಿರುವಂಥವು. ಆದರೆ ಕುಷ್ಠರೋಗದಿಂದ ಗುಣವಾದವರು, ಕುಬ್ಜರು, ಮಾನಸಿಕ ಕಾಯಿಲೆಯವರು, ಆಟಿಸಂ ಇರುವವರು, ಸೆರೆಬ್ರಲ್ ಪಾಲ್ಸಿ ಮತ್ತು ಸ್ನಾಯುಕ್ಷಯ ಇರುವವರು, ಪಾರ್ಕಿನ್‌ಸನ್ ರೋಗಿಗಳು, ಹಿಮೋಫಿಲಿಯಾ, ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಯವರು, ಆಸಿಡ್ ದಾಳಿಗೆ ತುತ್ತಾದವರು, ಓದು ಬರಹದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳ ಮಕ್ಕಳು ಕೂಡ ಈ ಪಟ್ಟಿಯಲ್ಲಿದ್ದಾರೆ ಎಂಬುದು ಹಳ್ಳಿಗಳಲ್ಲಿ ಇನ್ನೂ ಹೆಚ್ಚಿನವರಿಗೆ ತಿಳಿದಿಲ್ಲ. ನಡೆದಾಡುವ, ಮಾತನಾಡುವ ಮನುಷ್ಯನಿಗೆ ಅಂಗವಿಕಲ ಪ್ರಮಾಣಪತ್ರ ಎಲ್ಲಿಯದು ಎಂಬ ಮಾತನ್ನು ನಂಬಿ ಮನೆಯಲ್ಲೇ ಕುಳಿತವರು ಅನೇಕರಿದ್ದಾರೆ.

ಬಹುತೇಕ ಎಲ್ಲ ಸೌಲಭ್ಯಗಳಿಗೂ ಶೇ. 40 ಗೆರೆಯಾಗಿರುತ್ತದೆ. ಅದಕ್ಕಿಂತ ಕಡಿಮೆ ಬಂದರೂ ಪ್ರಮಾಣಪತ್ರ ಸಿಗಬಹುದು, ಆದರೆ ಮಾಸಾಶನ ಸಿಗುವುದಿಲ್ಲ. ಇಲ್ಲಿ ಗಟ್ಟಿಯಾಗಿ ನೆನಪಿಡಬೇಕಾದದ್ದೇನೆಂದರೆ, ವೈದ್ಯರು ಅಳೆಯುವುದು ಕಾಯಿಲೆಯ ಹೆಸರನ್ನಲ್ಲ, ಚಿಕಿತ್ಸೆಯೆಲ್ಲ ಮುಗಿದ ಮೇಲೂ ದೇಹಕ್ಕೆ ಉಳಿದುಕೊಂಡಿರುವ ಕೊರತೆಯನ್ನು. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಇಬ್ಬರು ಕೊನೆಗೌಡರಲ್ಲಿ (ಮರ ಹತ್ತಿ ಅಡಿಕೆ ಕೊನೆ ಇಳಿಸುವವರಲ್ಲಿ) ಒಬ್ಬರು ಶಸ್ತ್ರಚಿಕಿತ್ಸೆಯ ನಂತರ ಮೊದಲಿನಂತೆ ನಡೆದಾಡುತ್ತಿದ್ದು, ಇನ್ನೊಬ್ಬರಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲದಿದ್ದರೆ, ಇಬ್ಬರ ಎಕ್ಸ್-ರೇ ವರದಿಯಲ್ಲೂ ಒಂದೇ ಎಲುಬಿನ ಹೆಸರಿರಬಹುದು, ಆದರೆ ಶೇಕಡಾ ಪ್ರಮಾಣ ಒಂದೇ ಆಗಿರುವುದಿಲ್ಲ.

ಕೆಲವು ನಿಯಮಗಳನ್ನು ಮೊದಲೇ ತಿಳಿದಿದ್ದರೆ ನಿರಾಶೆ ತಪ್ಪುತ್ತದೆ. ಒಂದು ಕಣ್ಣು ಪೂರ್ತಿ ಹೋಗಿದ್ದು ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ. 30 ಮಾತ್ರ. ಕಣ್ಣಿನ ಪರೀಕ್ಷೆಯನ್ನು ಕನ್ನಡಕ ಹಾಕಿಸಿಯೇ ಮಾಡುತ್ತಾರೆ, ಆದ್ದರಿಂದ ಕನ್ನಡಕವಿಲ್ಲದೆ ಏನೂ ಕಾಣುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಕಿವಿಯ ವಿಷಯದಲ್ಲಿ ಕಾಯ್ದೆ ಕೇಳುವುದು ಎರಡೂ ಕಿವಿಗಳ ದೋಷವನ್ನು: ಎರಡರಲ್ಲೂ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದಶ್ರವಣ, 70 ಡೆಸಿಬಲ್ ಇದ್ದರೆ ಕಿವುಡು. ಕುಬ್ಜತೆಗೆ ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕೂ ಕಡಿಮೆ ಇರಬೇಕು. ಲಕ್ವ ಹೊಡೆದವರನ್ನು ಆಸ್ಪತ್ರೆಯಿಂದ ಬಿಡುಗಡೆಯಾದ ವಾರವೇ ತಪಾಸಣೆಗೆ ಕರೆದೊಯ್ಯುವುದರಿಂದ ಪ್ರಯೋಜನವಿಲ್ಲ. ನರಸಂಬಂಧಿ ತೊಂದರೆಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ಅಳೆಯುತ್ತಾರೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಮಗುವಿಗೆ ಎಂಟು ವರ್ಷ ತುಂಬಿದ ಮೇಲಷ್ಟೇ ಸಿಗುತ್ತದೆ, 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಯಾಗಬೇಕು.

ಎರಡು ತೊಂದರೆಗಳಿರುವವರು ಒಂದನ್ನು ಮಾತ್ರ ಹೇಳಿ ಬರುವುದು ನಾನು ಮತ್ತೆ ಮತ್ತೆ ಕಂಡ ಸಂಗತಿ. ಬಹುವಿಧ ವೈಕಲ್ಯದ ಲೆಕ್ಕದಲ್ಲಿ ಎರಡು ಅಂಕಿಗಳನ್ನು ನೇರವಾಗಿ ಕೂಡಿಸುವುದಿಲ್ಲ. 90ರಿಂದ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಒಂದು ಕಣ್ಣಿಲ್ಲದ್ದಕ್ಕೆ ಶೇ. 30 ಬಂದವರಿಗೆ ಮಂಡಿ ಮಡಚಲಾಗದ ಕಾಲಿಗೆ ಇನ್ನೊಂದು ಶೇ. 30 ಬಂದರೆ, 60ನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದಾಗ 20 ಆಗುತ್ತದೆ, ಒಟ್ಟು ಶೇ. 50. ಬಿಡಿಬಿಡಿಯಾಗಿ ನೋಡಿದರೆ ಎರಡೂ ಗೆರೆಯ ಕೆಳಗೆ, ಸೇರಿಸಿದರೆ ಮೇಲೆ. ಹಾಗಾಗಿ ಅರ್ಜಿಯಲ್ಲಿ ಎಲ್ಲ ತೊಂದರೆಗಳನ್ನೂ ನಮೂದಿಸಬೇಕು.

ಅರ್ಜಿ ಹಾಕುವ ಮೊದಲು ಕಾಗದಪತ್ರ

ಮೊದಲು ಆಗಬೇಕಾದದ್ದು ಹೆಸರಿನ ಕೆಲಸ. ನಮ್ಮ ಕಡೆ ನಾಯ್ಕ, ನಾಯಕ, ಗೌಡ, ಪಟಗಾರ, ಹೆಗಡೆ ಇಂಥ ಅಡ್ಡಹೆಸರುಗಳು ಒಂದು ದಾಖಲೆಯಲ್ಲಿ ಒಂದು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿಯೂ ಇನ್ನೊಂದರಲ್ಲಿ ಬೇರೆ ಬಗೆಯಲ್ಲಿಯೂ ಇರುವುದು ಮಾಮೂಲು. ತಂದೆಯ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಮೊದಲಕ್ಷರ. ಆಧಾರ್, ರೇಷನ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ, ವ್ಯತ್ಯಾಸವಿದ್ದರೆ ಆಧಾರ್‌ಗೆ ತಕ್ಕಂತೆ ಉಳಿದವನ್ನು ತಿದ್ದಿಸಿಕೊಳ್ಳುವುದು ಉತ್ತಮ. ಅಡಿಕೆ ಸುಲಿದು, ಬಲೆ ಎಳೆದು ಬೆರಳಚ್ಚು ಸವೆದವರಿಗೆ ಆಧಾರ್ ದೃಢೀಕರಣ ಕೈಕೊಡುವುದುಂಟು. ಅಂಥವರು ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಿಸಿಕೊಂಡು, ಕಣ್ಣಿನ ಪಾಪೆಯ ಗುರುತಿನಿಂದ ದೃಢೀಕರಿಸಲು ಕೇಳಬೇಕು. ಮೊಬೈಲ್ ಸಂಖ್ಯೆ ಮನೆಯವರದೇ ಆಗಿರಲಿ, ಸೈಬರ್ ಅಂಗಡಿಯವರದು ಬೇಡ. ಮುಂದಿನ ಎಲ್ಲ ಸಂದೇಶಗಳೂ ಅದಕ್ಕೇ ಬರುತ್ತವೆ.

ವೈದ್ಯಕೀಯ ದಾಖಲೆಗಳಲ್ಲಿ ಡಿಸ್ಚಾರ್ಜ್ ಸಮ್ಮರಿ, ಎಕ್ಸ್-ರೇ ಅಥವಾ ಸ್ಕ್ಯಾನ್ ವರದಿ, ಈಗ ನಡೆಯುತ್ತಿರುವ ಔಷಧಿಯ ಚೀಟಿ ಇವನ್ನು ಹಳೆಯದರಿಂದ ಹೊಸದಕ್ಕೆ ಬರುವಂತೆ ಜೋಡಿಸಿ, ಒಂದು ಸೆಟ್ ಜೆರಾಕ್ಸ್ ಮಾಡಿಟ್ಟುಕೊಳ್ಳಬೇಕು. ಮಾನಸಿಕ ಕಾಯಿಲೆಯವರಿಗೆ ಇದು ಎಲ್ಲರಿಗಿಂತ ಮುಖ್ಯ. ತಪಾಸಣೆಯ ದಿನ ಶಾಂತವಾಗಿ ಕುಳಿತು ಉತ್ತರ ಹೇಳಿದ ವ್ಯಕ್ತಿಯ ಹಿಂದಿನ ವರ್ಷಗಳ ಕಷ್ಟವನ್ನು ವೈದ್ಯರಿಗೆ ಹೇಳುವುದು ಆ ಹಳೆಯ ಚೀಟಿಗಳು ಮಾತ್ರ.

ಯುಡಿಐಡಿ ಅರ್ಜಿ

ಈಗ ಪ್ರಮಾಣಪತ್ರವೂ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಚೀಟಿಯೂ ಒಂದೇ ಅರ್ಜಿಯಿಂದ ಸಿಗುತ್ತವೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಫೋಟೊ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಆಧಾರ್, ವಿಳಾಸದ ದಾಖಲೆ ಇವನ್ನು ಅಪ್‌ಲೋಡ್ ಮಾಡಬೇಕು. ಫೋಟೊ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಮೊಬೈಲಿನಲ್ಲಿ ಮಾಡಲಾಗದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಎಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಎಂದು ಕರೆಯುವವರನ್ನು, ಮೊದಲು ಕಾಣಬೇಕು. ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರೂ ವಿಕಲಚೇತನರೇ ಆಗಿರುವುದರಿಂದ ಈ ದಾರಿಯನ್ನು ತಾವೇ ನಡೆದು ಬಂದಿರುತ್ತಾರೆ. ಏಜೆಂಟರಿಗೆ ಹಣ ಕೊಡುವ ಅಗತ್ಯ ಖಂಡಿತ ಇಲ್ಲ.

ಅರ್ಜಿಯಲ್ಲಿ ಆಸ್ಪತ್ರೆಯನ್ನು ಆರಿಸುವ ಹಂತದಲ್ಲಿ ಸ್ವಲ್ಪ ನಿಲ್ಲಬೇಕು. ನಿಯಮದ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಅಧಿಸೂಚಿತ ವೈದ್ಯಕೀಯ ಪ್ರಾಧಿಕಾರಕ್ಕೆ, ಇಲ್ಲವೇ ಇದೇ ತೊಂದರೆಗೆ ನೀವು ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಗೆ ಅರ್ಜಿ ಹಾಕಬಹುದು. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಚಿಕಿತ್ಸೆ ಪಡೆದ ಹಳಿಯಾಳ, ಮುಂಡಗೋಡ, ಯಲ್ಲಾಪುರದವರಿಗೆ ಇದರಿಂದ ಅನುಕೂಲವಿದೆ. ಕರಾವಳಿಯ ನಮ್ಮ ಜನ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರಿನ ಖಾಸಗಿ ಆಸ್ಪತ್ರೆಗಳಿಗೆ ಓಡುವುದೇ ಹೆಚ್ಚು. ಅಲ್ಲಿಯ ದಾಖಲೆಗಳು ಆಧಾರವಾಗಿ ಬಳಕೆಯಾಗುತ್ತವೆ, ಆದರೆ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೇ ಬರಬೇಕು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲಿದ್ದು, ಶಿರಸಿ ಸೀಮೆಯವರಿಗೆ ಅದು ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ಅದೂ ಘಟ್ಟ ಇಳಿದು. ಪೋರ್ಟಲ್ ತೋರಿಸುವ ಪಟ್ಟಿಯಲ್ಲಿ ಹತ್ತಿರದ ತಾಲೂಕು ಆಸ್ಪತ್ರೆ ಇದ್ದರೆ, ನಿಮ್ಮ ತೊಂದರೆಗೆ ಬೇಕಾದ ತಜ್ಞರು ಅಲ್ಲಿ ಇದ್ದಾರೆಯೇ, ಯಾವ ವಾರ ತಪಾಸಣೆ ನಡೆಯುತ್ತದೆ ಎಂದು ವಿಆರ್‌ಡಬ್ಲ್ಯೂ ಮೂಲಕ ಕೇಳಿ ತಿಳಿದುಕೊಂಡೇ ಆರಿಸಿರಿ. ಮೂಳೆ ತಜ್ಞರಿರುವ ಕಡೆ ಕಿವಿಯ ಪರೀಕ್ಷೆ ಆಗದಿರಬಹುದು. ಮಳೆಗಾಲದ ಲೆಕ್ಕವೂ ಇರಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ ಅಂಕೋಲಾ, ಕುಮಟಾ ನಡುವಿನ ಓಡಾಟ ಏನಾಯಿತೆಂದು ಎಲ್ಲರೂ ನೋಡಿದ್ದಾರೆ. ಗಾಲಿಕುರ್ಚಿಯವರು ಸಾಧ್ಯವಾದರೆ ಮಳೆ ನಿಂತ ಮೇಲಿನ ದಿನವನ್ನು ಕೇಳಿಕೊಳ್ಳುವುದು ಒಳ್ಳೆಯದು.

ಅರ್ಜಿ ಸಲ್ಲಿಸಿದೊಡನೆ ನೋಂದಣಿ ಸಂಖ್ಯೆ ಬರುತ್ತದೆ; ಅದನ್ನು ಪಾಸ್‌ಬುಕ್ಕಿನ ಒಳಪುಟದಲ್ಲಿ ಬರೆದಿಡಿ. ಕಾಯ್ದೆಯ ನಿಯಮಗಳಿಗಾದ 2024ರ ತಿದ್ದುಪಡಿಯ ನಂತರ ಪ್ರಮಾಣಪತ್ರ ಕೊಡಲು ಪ್ರಾಧಿಕಾರಕ್ಕೆ ಮೂರು ತಿಂಗಳ ಅವಕಾಶವಿದೆ. ಆಸ್ಪತ್ರೆ ಕರೆದರೂ ಅರ್ಜಿದಾರರು ಹೋಗದೆ ಎರಡು ವರ್ಷ ಕಳೆದರೆ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿನಿಂದ ಹಾಕಬೇಕು.

ಶಾಲೆಗೆ ಹೋಗುವ ಮಕ್ಕಳಿಗೆ ಇನ್ನೊಂದು ಸುಲಭದ ದಾರಿಯಿದೆ. ಕಾರವಾರ ಮತ್ತು ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳಲ್ಲಿ ಸಮಗ್ರ ಶಿಕ್ಷಣದಡಿ ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಮಟ್ಟದಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರಗಳು ನಡೆಯುತ್ತವೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿಟ್ಟರೆ ಮಗುವಿನ ಹೆಸರು ಪಟ್ಟಿಗೆ ಸೇರುತ್ತದೆ.

ತಪಾಸಣೆಯ ದಿನ

ಮನೆಯಲ್ಲಿ ದಿನವೂ ನೋಡಿಕೊಳ್ಳುವವರೇ ಜೊತೆಗೆ ಹೋಗಬೇಕು, ಬಿಡುವಿದ್ದ ನೆಂಟರಲ್ಲ. ಹೇಳುವ ಮಾತು ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದೋಣಿಯ ವಿಂಚಿಗೆ ಸಿಕ್ಕಿ ಬಲಗೈ ಬೆರಳು ಕಳೆದುಕೊಂಡ ಮೀನುಗಾರ ವೈದ್ಯರೆದುರು ಕುಳಿತು, ಹೇಗಿದ್ದೀರಿ ಎಂದರೆ, ಅಡ್ಡಿಲ್ಲ, ನಡೀತದೆ ಎನ್ನುತ್ತಾನೆ. ಅದು ಮರ್ಯಾದೆಯ ಮಾತು, ಆದರೆ ಆ ಕೋಣೆಯಲ್ಲಿ ಅದರಿಂದ ಉಪಯೋಗವಿಲ್ಲ. ಹಗ್ಗ ಬಿಗಿಹಿಡಿಯಲಾಗುವುದಿಲ್ಲ, ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು, ಅನ್ನ ಕಲಸಲು ಎಡಗೈ ಬಳಸುತ್ತೇನೆ, ಕೊಡ ಎತ್ತಿದರೆ ಜಾರುತ್ತದೆ ಎಂದು ಹೇಳಿದರೆ ವೈದ್ಯರಿಗೆ ಹಿಡಿತ, ಚಿವುಟು, ಎತ್ತುವ ಬಲ ಇವನ್ನು ಒಂದೊಂದಾಗಿ ಪರೀಕ್ಷಿಸಲು ದಾರಿಯಾಗುತ್ತದೆ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಕೋನಮಾಪಕ ಇಟ್ಟು ಅಳೆಯುವಾಗ ನೋವಾದರೆ ಅಲ್ಲೇ ಹೇಳಬೇಕು. ಇದ್ದದ್ದನ್ನು ಹಿಗ್ಗಿಸಿ ಹೇಳುವುದೂ ಬೇಡ. ವಂಚನೆಯಿಂದ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.

ಪ್ರಮಾಣಪತ್ರ ಕೈಗೆ ಬಂದಾಗ ನೋಡಬೇಕಾದದ್ದು ಎರಡು: ಶೇಕಡಾ ಎಷ್ಟು, ಮತ್ತು ಅದು ಶಾಶ್ವತವೋ ತಾತ್ಕಾಲಿಕವೋ. ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ದಿನಾಂಕವನ್ನು ಗುರುತು ಹಾಕಿಕೊಂಡು, ಎರಡು ಮೂರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಅವಧಿ ಮೀರಿದರೆ ಮಾಸಾಶನ ನಿಲ್ಲಬಹುದು, ಮತ್ತೆ ಹತ್ತಿಸುವುದು ಹೊಸದಾಗಿ ಪಡೆಯುವುದಕ್ಕಿಂತ ತ್ರಾಸು. ಕಾರ್ಡಿನ ಬಣ್ಣ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಕಾರ್ಡು ಅಂಚೆಯಲ್ಲಿ ಬರುವವರೆಗೆ ಪೋರ್ಟಲ್‌ನಿಂದ ಇಳಿಸಿಕೊಂಡ ಇ-ಕಾರ್ಡ್ ಬಳಸಬಹುದು.

ಮಾಸಾಶನಕ್ಕೆ ನಾಡಕಚೇರಿ

ಇಲ್ಲಿಂದ ಕೆಲಸ ಕಂದಾಯ ಇಲಾಖೆಗೆ ಸೇರಿದ್ದು. ಹೋಬಳಿಯ ನಾಡಕಚೇರಿಯಲ್ಲಿ ಮೊದಲು ಆದಾಯ ಪ್ರಮಾಣಪತ್ರ ಪಡೆಯಬೇಕು. ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಮಾಸಾಶನಕ್ಕೆ ವಾರ್ಷಿಕ ಆದಾಯದ ಮಿತಿ ರೂ. 32,000. ನನ್ನ ಅನುಭವದಲ್ಲಿ ಶೇಕಡಾ ಪ್ರಮಾಣಕ್ಕಿಂತ ಹೆಚ್ಚು ಅರ್ಜಿಗಳು ಬೀಳುವುದು ಈ ಮಿತಿಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಜ್ಜನ ಹೆಸರಿನ ತೋಟ ಇನ್ನೂ ಪಾಲಾಗದೆ ಜಂಟಿ ಪಹಣಿಯಲ್ಲಿ ಹತ್ತಾರು ಹೆಸರು ಇರುತ್ತವೆ, ಮತ್ತು ಇಡೀ ಜಮೀನಿನ ಆದಾಯ ಅರ್ಜಿದಾರರ ತಲೆಗೆ ಬೀಳುವ ಅಪಾಯವಿರುತ್ತದೆ. ಗ್ರಾಮ ಆಡಳಿತಾಧಿಕಾರಿ ಸ್ಥಳ ವಿಚಾರಣೆಗೆ ಬಂದಾಗ ನಿಮ್ಮ ಪಾಲಿಗೆ ಬರುವ ಗುಂಟೆ ಎಷ್ಟು, ಸಾಗುವಳಿ ಯಾರದು ಎಂಬುದನ್ನು ದಾಖಲೆ ಸಮೇತ ತೋರಿಸಿ, ವರದಿಯಲ್ಲಿ ಬರೆಯಿಸಿಕೊಳ್ಳಬೇಕು.

ಅನಂತರ ಅದೇ ನಾಡಕಚೇರಿಯಲ್ಲಿ ಯುಡಿಐಡಿ ಅಥವಾ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ, ಪಾಸ್‌ಬುಕ್ ಮತ್ತು ಫೋಟೊ ಕೊಟ್ಟು ಮಾಸಾಶನದ ಅರ್ಜಿ ಸಲ್ಲಿಸಬೇಕು. ಶೇ. 40ರಿಂದ 75ರವರೆಗೆ ತಿಂಗಳಿಗೆ ರೂ. 800, 75ಕ್ಕಿಂತ ಮೇಲೆ ರೂ. 1,400, ಬುದ್ಧಿಮಾಂದ್ಯತೆ ಶೇ. 75 ಮೀರಿದ್ದರೆ ರೂ. 2,000. ಬಡತನ ರೇಖೆಗಿಂತ ಕೆಳಗಿರುವ, 18ರಿಂದ 79 ವರ್ಷದೊಳಗಿನ, ಶೇ. 80 ಅಥವಾ ಹೆಚ್ಚು ವೈಕಲ್ಯವುಳ್ಳವರಿಗೆ ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಯೋಜನೆಯ ಪಾಲು ಈ ಮೊತ್ತದೊಳಗೇ ಇರುತ್ತದೆ. ವಿಧವಾ ವೇತನವನ್ನೂ ಅಂಗವಿಕಲ ವೇತನವನ್ನೂ ಒಟ್ಟಿಗೆ ಪಡೆಯಲಾಗದು; ಹೆಚ್ಚು ಬರುವುದನ್ನು ಆರಿಸಿಕೊಳ್ಳಬೇಕು.

ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಕೇಳಿ ಪಡೆಯಿರಿ. ಅದಿಲ್ಲದೆ ಬಂದರೆ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ. ಮಂಜೂರಾತಿ ಆದೇಶ ಬಂದರೂ ಹಣ ಬಾರದಿದ್ದರೆ ಮೊದಲು ಬ್ಯಾಂಕಿಗೆ ಹೋಗಿ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದಷ್ಟೇ ಅಲ್ಲ, ಎನ್‌ಪಿಸಿಐ ಮ್ಯಾಪಿಂಗ್, ಎಂದರೆ ಆಧಾರ್ ಮೂಲಕ ಬರುವ ಸರ್ಕಾರಿ ಹಣ ಬೀಳುವ ಖಾತೆಯ ಗುರುತು, ಯಾವ ಖಾತೆಗೆ ಆಗಿದೆ ಎಂದು ಕೇಳಬೇಕು. ಎಂದೋ ತೆರೆದು ಮರೆತ ಖಾತೆಗೆ ಹಣ ಬೀಳುತ್ತಿರುವುದು ಅಪರೂಪವಲ್ಲ.

ಉಳಿದ ಸೌಲಭ್ಯಗಳು

ವಾಯವ್ಯ ಸಾರಿಗೆಯ ರಿಯಾಯಿತಿ ಪಾಸಿಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ವರ್ಷಕ್ಕೆ ರೂ. 660, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿ. ಅಂಧರಿಗೆ ಪಾಸು ಉಚಿತ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಈ ಪಾಸಿನ ಗೊಡವೆಗೆ ಹೋಗುವುದು ಕಡಿಮೆಯಾಗಿದೆ.

ಕೊಂಕಣ ರೈಲಿನಲ್ಲಿ ಓಡಾಡುವವರು ಗಮನಿಸಬೇಕಾದದ್ದು: ರಿಯಾಯಿತಿ ಟಿಕೆಟಿಗೆ ರೈಲ್ವೆಯದೇ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು, ಅದರ ಆಧಾರದ ಮೇಲೆ ರೈಲ್ವೆ ಪ್ರತ್ಯೇಕ ಗುರುತಿನ ಚೀಟಿ ಕೊಡುತ್ತದೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಚಲನ ವೈಕಲ್ಯದವರು ಮತ್ತು ಬುದ್ಧಿಮಾಂದ್ಯರು, ಪೂರ್ಣ ಅಂಧರು, ಮಾತು ಕಿವಿ ಎರಡೂ ಇಲ್ಲದವರು ಇದಕ್ಕೆ ಅರ್ಹರು. ಮಾತು ಕಿವಿ ಎರಡೂ ಇಲ್ಲದವರಿಗೆ ಸ್ಲೀಪರ್‌ನಲ್ಲಿ ಶೇ. 50, ಉಳಿದವರಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಶೇ. 75 ರಿಯಾಯಿತಿಯಿದೆ. ತಪಾಸಣೆಯ ದಿನವೇ ಆ ನಮೂನೆಯನ್ನೂ ಒಯ್ದು ಸಹಿ ಮಾಡಿಸಿಕೊಂಡರೆ ಇನ್ನೊಮ್ಮೆ ಕಾರವಾರಕ್ಕೆ ಹೋಗುವುದು ತಪ್ಪುತ್ತದೆ.

ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಶ್ರವಣ ಸಾಧನಗಳು ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಿಗುತ್ತವೆ. ತಿಂಗಳ ಆದಾಯ ರೂ. 22,500ರವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಮಾಸಾಶನದ ಮಿತಿಗೂ ಇದಕ್ಕೂ ಎಷ್ಟು ಅಂತರವಿದೆ ನೋಡಿ: ಮಾಸಾಶನ ತಿರಸ್ಕೃತವಾದ ಕುಟುಂಬಕ್ಕೂ ಸಲಕರಣೆ ಸಿಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಇಂಥ ಮಕ್ಕಳಿಗೆ 18 ತುಂಬಿದ ಮೇಲೆ ಬ್ಯಾಂಕಿನಲ್ಲಿ ತಂದೆ ತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಇದನ್ನು ಮುಂದೂಡುತ್ತ ಬಂದ ಮನೆಗಳೇ ಹೆಚ್ಚು.

ಅರ್ಜಿ ತಿರಸ್ಕೃತವಾದರೆ

ವೈದ್ಯಕೀಯ ಪ್ರಾಧಿಕಾರ ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮತ್ತು ಕಾಯ್ದೆಯ 59ನೇ ಕಲಮಿನಂತೆ ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ. ಬಾಯಿಮಾತಿನಲ್ಲಿ, ನಿಮಗೆ ಬರುವುದಿಲ್ಲ ಹೋಗಿ ಎಂದರೆ ಅದು ನಿರಾಕರಣೆಯೇ ಅಲ್ಲ, ಲಿಖಿತವಾಗಿ ಕೇಳಿ. ಮೇಲ್ಮನವಿಯ ಜೊತೆ ಮೊದಲ ತಪಾಸಣೆಯಲ್ಲಿ ಇರದಿದ್ದ ಹೊಸ ವರದಿ ಇದ್ದರೆ ಬಲ ಬರುತ್ತದೆ. ಮಾಸಾಶನದ ಅರ್ಜಿಯನ್ನು ತಹಶೀಲ್ದಾರರು ತಿರಸ್ಕರಿಸಿದರೆ ಉಪವಿಭಾಗಾಧಿಕಾರಿಗಳಿಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ ಮತ್ತು ಶಿರಸಿಯಲ್ಲಿ ಅವರ ಕಚೇರಿಗಳಿವೆ. ಅಧಿಕಾರಿಗಳಿಂದ ತಾರತಮ್ಯವಾದರೆ ಬೆಂಗಳೂರಿನ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು.

ಇವುಗಳಲ್ಲಿ ಯಾವುದಕ್ಕೂ ಕೈಯಿಂದ ಹಣ ಕೊಟ್ಟು ವಕೀಲರನ್ನು ಹಿಡಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಪ್ರಮಾಣಪತ್ರದ ಪ್ರತಿ, ತಿರಸ್ಕಾರದ ಪತ್ರ ಮತ್ತು ಸಕಾಲ ಸ್ವೀಕೃತಿಯ ಜೊತೆ ಒಂದು ಬಿಳಿ ಹಾಳೆಯ ಅರ್ಜಿ ಕೊಟ್ಟರೆ ಸಾಕು.